ಕಾರ್ಡಿಗನ್ ಊರಿನ ಹುಡುಗನ ಹಾಡು

ಕಾಸರಗೋಡಿನವರಿರಲಿ, ತಾಳವಾಡಿಯವರಿರಲಿ, ಅಕ್ಕಲಕೋಟೆ, ಜತ್ತ, ಆದೋನಿ ಕಡೆಯವರಿರಲಿ, ಗಡಿಯಾಚೆ ಉಳಿದ ನಮಗೆಲ್ಲ ಒಂದು ಅನುಭವ ಸಮಾನವಾದುದು. ಮನೆಯಲ್ಲಿ ಒಂದು ಭಾಷೆ, ತಾಲೂಕು ಕಚೇರಿಯಲ್ಲಿ ಇನ್ನೊಂದು ಭಾಷೆ. ಮಕ್ಕಳು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಹಾಡು ಮತ್ತೂ ಒಂದು ಭಾಷೆಯದು. ನಮ್ಮ ಭಾಷೆ ಉಳಿಯಬೇಕು ಎಂದು ನಾವು ಸಭೆ ಮಾಡುತ್ತೇವೆ, ಮನವಿ ಕೊಡುತ್ತೇವೆ. ಸಭೆಯ ಕೊನೆಯ ಸಾಲಿನಲ್ಲಿ ಕುಳಿತ ಹದಿನಾರರ ಹುಡುಗ ಮಾತ್ರ ಗಡಿಯಾರ ನೋಡುತ್ತಿರುತ್ತಾನೆ. ಆ ಹುಡುಗನಿಗೆ ನಮ್ಮ ಭಾಷೆಯಲ್ಲಿ ಏನು ಕೆಲಸವಿದೆ? ಇಂದಿನ ಮಾತು ಈ ಪ್ರಶ್ನೆಯ ಸುತ್ತಲಿನದು. ಅದಕ್ಕೆ ಉತ್ತರ ಹುಡುಕಲು ನಾನು ನಿಮ್ಮನ್ನು ಸ್ವಲ್ಪ ದೂರ, ಬ್ರಿಟನ್ನಿನ ಪಶ್ಚಿಮ ಅಂಚಿನ ವೇಲ್ಸ್ ಎಂಬ ನಾಡಿಗೆ ಕರೆದುಕೊಂಡು ಹೋಗುತ್ತೇನೆ.

ವೇಲ್ಸ್ ಸಣ್ಣ ನಾಡು. 2021ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 31 ಲಕ್ಷ. ಅಲ್ಲಿಯ ಸ್ವಂತ ಭಾಷೆ ವೆಲ್ಷ್. ಇದು ಇಂಗ್ಲಿಷಿನ ಉಪಭಾಷೆಯಲ್ಲ. ಇಂಗ್ಲಿಷು ಆ ದ್ವೀಪಕ್ಕೆ ಬರುವ ಮೊದಲೇ ಅಲ್ಲಿದ್ದ ಭಾಷೆಯ ಮಗಳು. 1536ರ ಕಾನೂನಿನಿಂದ ವೇಲ್ಸ್ ಇಂಗ್ಲೆಂಡಿನೊಳಗೆ ಸೇರಿಹೋಯಿತು. ನ್ಯಾಯಾಲಯದ ಭಾಷೆ, ಅಧಿಕಾರದ ಭಾಷೆ ಇಂಗ್ಲಿಷ್ ಎಂದಾಯಿತು. 1588ರಲ್ಲಿ ಬೈಬಲ್ ಪೂರ್ತಿಯಾಗಿ ವೆಲ್ಷಿಗೆ ಅನುವಾದವಾದ್ದರಿಂದ ಭಾಷೆ ಪ್ರಾರ್ಥನಾ ಮಂದಿರದಲ್ಲಿ ಬದುಕಿಕೊಂಡಿತು. ಆದರೆ ಶಾಲೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. 19ನೆಯ ಶತಮಾನದ ಹಲವು ಶಾಲೆಗಳಲ್ಲಿ ವೆಲ್ಷ್ ಮಾತನಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ಕಟ್ಟುತ್ತಿದ್ದರು. ಆ ಮಗು ವೆಲ್ಷ್ ಮಾತನಾಡಿದ ಇನ್ನೊಂದು ಮಗುವನ್ನು ತೋರಿಸಿಕೊಟ್ಟರೆ ತುಂಡು ಅದರ ಕೊರಳಿಗೆ ಹೋಗುತ್ತಿತ್ತು. ಸಾಯಂಕಾಲ ಯಾರ ಕೊರಳಿನಲ್ಲಿ ಉಳಿಯಿತೋ ಆ ಮಗುವಿಗೆ ಬೆತ್ತದ ಏಟು. 1847ರಲ್ಲಿ ವೆಲ್ಷ್ ಬಾರದ ಮೂವರು ಅಧಿಕಾರಿಗಳು ಬಂದು ಶಾಲೆಗಳನ್ನು ತನಿಖೆ ಮಾಡಿ, ಈ ಜನರ ಹಿಂದುಳಿಯುವಿಕೆಗೆ ಇವರ ಭಾಷೆಯೂ ಒಂದು ಕಾರಣವೆಂದು ವರದಿ ಬರೆದರು.

ಪರಿಣಾಮ ಅಂಕಿಗಳಲ್ಲೇ ಕಾಣುತ್ತದೆ. 1901ರಲ್ಲಿ ವೇಲ್ಸಿನ ಅರ್ಧದಷ್ಟು ಜನ ವೆಲ್ಷ್ ಬಲ್ಲವರು. 1981ರ ಹೊತ್ತಿಗೆ ಅವರು ನೂರಕ್ಕೆ 19ರಷ್ಟು, ಸುಮಾರು ಐದು ಲಕ್ಷ ಜನ.

ಈ ಇಳಿತವನ್ನು ತಡೆಯಲು ಹಿರಿಯರು ಹೋರಾಡಿದರು. ಆ ಹೋರಾಟದಲ್ಲಿ ರೇಡಿಯೋದ ಪಾತ್ರ ದೊಡ್ಡದು. 1962ರ ಫೆಬ್ರವರಿ 13ರಂದು ಸಾಂಡರ್ಸ್ ಲೂಯಿಸ್ ಎಂಬ ಹಿರಿಯ ಸಾಹಿತಿ ಬಿ.ಬಿ.ಸಿ.ಯಲ್ಲಿ 'ಭಾಷೆಯ ಹಣೆಬರಹ' ಎಂಬ ಅರ್ಥದ ಶೀರ್ಷಿಕೆಯ ಭಾಷಣ ಮಾಡಿದರು. ಹೀಗೇ ಬಿಟ್ಟರೆ 21ನೆಯ ಶತಮಾನದ ಆರಂಭದ ಹೊತ್ತಿಗೆ ವೆಲ್ಷ್ ಜೀವಂತ ಭಾಷೆಯಾಗಿ ಉಳಿಯದು ಎಂದು ಎಚ್ಚರಿಸಿದರು. ಹೋರಾಟದ ಮಾದರಿಯೆಂದು ಅವರು ತೋರಿಸಿದ್ದು ಬೀಸ್ಲಿ ದಂಪತಿಗಳನ್ನು. ದಕ್ಷಿಣ ವೇಲ್ಸಿನ ಹಳ್ಳಿಯೊಂದರಲ್ಲಿ ಗಂಡ ಟ್ರೆವರ್ ಕಲ್ಲಿದ್ದಲ ಗಣಿಯ ಕಾರ್ಮಿಕ, ಹೆಂಡತಿ ಐಲೀನ್. ತೆರಿಗೆಯ ನೋಟೀಸು ವೆಲ್ಷ್ ಭಾಷೆಯಲ್ಲಿ ಬರುವವರೆಗೆ ಹಣ ಕಟ್ಟುವುದಿಲ್ಲ ಎಂದು ಅವರು 1952ರಲ್ಲಿ ಹಟ ಹಿಡಿದರು. ಅಮೀನರು ಬಂದು ಮನೆಯ ಸಾಮಾನು ಜಪ್ತಿ ಮಾಡಿದರು, ಪಿಯಾನೋವನ್ನೂ ಹೊತ್ತುಕೊಂಡು ಹೋದರು. ಎಂಟು ವರ್ಷದ ಮೇಲೆ, 1960ರಲ್ಲಿ, ಎರಡೂ ಭಾಷೆಯ ನೋಟೀಸು ಬಂತು. ಒಂದು ಕಾಗದಕ್ಕಾಗಿ ಎಂಟು ವರ್ಷ! ನಮ್ಮ ಭಾಷೆಯಲ್ಲಿ ಅರ್ಜಿ ನಮೂನೆ ಕೊಡಿ ಎಂದು ಕಿಟಕಿಯ ಮುಂದೆ ನಿಂತು ಕೇಳಿದವರಿಗೆ ಈ ಎಂಟು ವರ್ಷದ ತೂಕ ಗೊತ್ತಾಗುತ್ತದೆ.

ಲೂಯಿಸರ ಭಾಷಣ ಕೇಳಿದ ಯುವಕರು ಅದೇ ವರ್ಷ ವೆಲ್ಷ್ ಭಾಷಾ ಸಂಘ ಕಟ್ಟಿದರು. 1977ರ ಜನವರಿಯಲ್ಲಿ ವೆಲ್ಷ್ ಭಾಷೆಗೇ ಮೀಸಲಾದ ರೇಡಿಯೋ ಕೇಂದ್ರ 'ರೇಡಿಯೋ ಕಮ್ರಿ' ಆರಂಭವಾಯಿತು. ಕೊಟ್ಟ ಮಾತಿನಂತೆ ಟೆಲಿವಿಷನ್ ಕೇಂದ್ರ ಕೊಡಲು ಸರ್ಕಾರ ಹಿಂಜರಿದಾಗ ಗ್ವಿನ್‌ವೋರ್ ಎವಾನ್ಸ್ ಎಂಬ ಹಿರಿಯ ರಾಜಕಾರಣಿ 1980ರಲ್ಲಿ ಆಮರಣ ಉಪವಾಸದ ದಿನವನ್ನೇ ಘೋಷಿಸಿದರು. ಸರ್ಕಾರ ಮಣಿಯಿತು. 'ಎಸ್-ಫೋರ್-ಸಿ' ಎಂಬ ವೆಲ್ಷ್ ಟೆಲಿವಿಷನ್ 1982ರ ನವೆಂಬರ್ 1ರಂದು ಪ್ರಸಾರ ಶುರುಮಾಡಿತು. ನವೆಂಬರ್ 1 ಗಡಿನಾಡ ಕನ್ನಡಿಗರಿಗೆ ಎಂತಹ ದಿನವೆಂದು ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ್ದು ಮುಂದಿನ ಮಾತಿಗೆ ಪೀಠಿಕೆ. ನೋಟೀಸು ಬಂತು, ರೇಡಿಯೋ ಬಂತು, ಟೆಲಿವಿಷನ್ ಬಂತು. ಆದರೆ ಹದಿಹರೆಯದವನಿಗೆ ಆ ಭಾಷೆ ಹೇಗೆ ಕಾಣುತ್ತಿತ್ತು? ಪ್ರಾರ್ಥನಾ ಮಂದಿರದ ಭಾಷೆ, ಅಜ್ಜ ಅಜ್ಜಿಯರ ಭಾಷೆ, ಸಮ್ಮೇಳನದಲ್ಲಿ ಬಹುಮಾನ ಕೊಡುವ ಭಾಷೆ. ವೆಲ್ಷಿನಲ್ಲಿ ಹಾಡುಗಾರರು ಇರಲಿಲ್ಲವೆಂದಲ್ಲ. ಗಿಟಾರ್ ಹಿಡಿದು ನಾಡಗೀತೆ ಹಾಡುವ ದವಿದ್ ಇವಾನರಂಥವರು ಮನೆಮಾತಾಗಿದ್ದರು. 1969ರಲ್ಲಿ ಅವರೂ ಗೆಳೆಯರೂ ಸೇರಿ 'ಸೈನ್' ಎಂಬ ಸ್ವಂತ ಧ್ವನಿಮುದ್ರಣ ಸಂಸ್ಥೆಯನ್ನೇ ಕಟ್ಟಿದ್ದರು. ಆದರೆ ಆ ಹಾಡುಗಳಲ್ಲಿ ನಾಡು ದೊಡ್ಡದು, ಬೆಟ್ಟ ಸುಂದರ, ಪೂರ್ವಿಕರು ವೀರರು. ಕೆಲಸ ಸಿಗದೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹುಡುಗನ ಬೇಸರಕ್ಕೆ ಅಲ್ಲಿ ಸಾಲುಗಳು ಕಡಿಮೆ.

ಅದೇ ಕಾಲಕ್ಕೆ ಲಂಡನ್ನಿನಿಂದ 'ಪಂಕ್' ಎಂಬ ಸಂಗೀತ ಹೊರಟಿತು. ಕನ್ನಡದಲ್ಲಿ ಪಂಕವೆಂದರೆ ಕೆಸರು. ಈ ಪಂಕಿಗೂ ಆ ಪಂಕಕ್ಕೂ ಸಂಬಂಧವಿಲ್ಲ. ಆದರೆ ಅಂದಿನ ದೊಡ್ಡವರು ಇದನ್ನು ಕೆಸರೆಂದೇ ಭಾವಿಸಿದರು. 1976ರ ಡಿಸೆಂಬರ್ 14ರಂದು ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡ ವೇಲ್ಸಿನ ಕೇರ್‌ಫಿಲಿ ಪಟ್ಟಣದ ಸಿನಿಮಾ ಮಂದಿರದಲ್ಲಿ ಹಾಡಿದಾಗ, ಊರಿನ ಭಕ್ತರು ಹೊರಗೆ ಚಳಿಯಲ್ಲಿ ನಿಂತು ಕ್ರಿಸ್‌ಮಸ್ ಗೀತೆಗಳನ್ನು ಹಾಡಿ ಪ್ರತಿಭಟಿಸಿದರು. ಒಳಗೆ ಒಂದು ಹಾಡು, ಹೊರಗೆ ಒಂದು ಹಾಡು.

ಪಂಕಿನ ಗದ್ದಲಕ್ಕಿಂತ ಮುಖ್ಯವಾದದ್ದು ಅದರ ಲೆಕ್ಕಾಚಾರ. ಅಲ್ಲಿಯವರೆಗೆ ಒಂದು ಹಾಡು ಜನರಿಗೆ ತಲುಪಬೇಕಾದರೆ ದೊಡ್ಡ ಕಂಪೆನಿ ಒಪ್ಪಬೇಕು, ಬೆಲೆಬಾಳುವ ಸ್ಟುಡಿಯೋ ಬೇಕು, ವರ್ಷಗಟ್ಟಲೆ ಅಭ್ಯಾಸ ಮಾಡಿದ ವಾದ್ಯಗಾರರು ಬೇಕು. ಮ್ಯಾಂಚೆಸ್ಟರ್ ಕಡೆಯ ಬಝ್‌ಕಾಕ್ಸ್ ತಂಡದ ಹುಡುಗರು ಸುಮಾರು 500 ಪೌಂಡ್ ಕೈಗಡ ತಂದು, ನಾಲ್ಕು ಹಾಡು ಧ್ವನಿಮುದ್ರಿಸಿ, 1977ರ ಆರಂಭದಲ್ಲಿ ಸಾವಿರ ತಟ್ಟೆಗಳನ್ನು ತಾವೇ ಹೊರತಂದರು. ಅವು ಬೇಗನೆ ಖರ್ಚಾಗಿ ಮತ್ತೆ ಅಚ್ಚುಹಾಕಬೇಕಾಯಿತು. ಕಂಪೆನಿಯ ಬಾಗಿಲು ಕಾಯದೆ ಹಾಡು ಹೊರತರಬಹುದು, ಹಾಕಿದ ಹಣ ಹಿಂದಿರುಗಲೂಬಹುದು ಎಂದು ಊರೂರಿನ ಹುಡುಗರಿಗೆ ಗೊತ್ತಾದದ್ದು ಹೀಗೆ. ದೊಡ್ಡ ಕಂಪೆನಿ, ದೊಡ್ಡ ವೇದಿಕೆಗಳ ಹೊರಗೆ ನಡೆಯುವ ಈ ಸಂಗೀತವನ್ನೇ 'ಅಂಡರ್‌ಗ್ರೌಂಡ್' ಎನ್ನುತ್ತಾರೆ. ಪೊಲೀಸರಿಗೆ ಹೆದರಿ ಅಡಗಿದವರೆಂದು ಅದರ ಅರ್ಥವಲ್ಲ.

ವೆಲ್ಷ್ ಭಾಷೆಗೂ ಈ ಗಾಳಿ ಬೀಸಿತು. 1978ರಲ್ಲಿ 'ಉಗ್ರ ಇಲಿಗಳು' ಎಂಬ ಅರ್ಥದ ಹೆಸರಿನ ಲಾನೆಲ್ಲಿ ಪಟ್ಟಣದ ತಂಡವೊಂದು ಸರ್ಕಾರಿ ಕಲ್ಲಿದ್ದಲು ಮಂಡಳಿಯ ಮೇಲೆ ಪಂಕ್ ಹಾಡು ಹೊರತಂದಿತು. 'ಕೆಂಪು ಮೂಗುಗಳು' ಎಂಬ ಇನ್ನೊಂದು ತಂಡ ಸ್ವಾನ್ಸಿ ಕಡೆಯಿಂದ ಎದ್ದಿತು. ಹೆಸರು ಕೇಳಿ ನೀವು ನಗುತ್ತಿರಬಹುದು. ನಗು ಬರಲಿ ಎಂದೇ ಇಟ್ಟ ಹೆಸರುಗಳವು. ಗಂಭೀರವಾಗಿ ಕುಳಿತೇ ಇದ್ದ ಭಾಷೆಯನ್ನು ಎಬ್ಬಿಸಿ ಕುಣಿಸಲು ಅವರಿಗೆ ಅದೂ ಒಂದು ಉಪಾಯ.

ಈಗ ನಮ್ಮ ಹುಡುಗನ ಊರಿಗೆ ಬರೋಣ. ಪಶ್ಚಿಮ ವೇಲ್ಸಿನ ಕಡಲ ಸಮೀಪ, ಟೀವಿ ನದಿಯ ದಡದಲ್ಲಿ ಕಾರ್ಡಿಗನ್ ಎಂಬ ಸಣ್ಣ ಪೇಟೆಯಿದೆ. ವೆಲ್ಷಿನಲ್ಲಿ ಅದರ ಹೆಸರು ಅಬೆರ್‌ಟೇವಿ. ಈ ಊರಿಗೆ ಚರಿತ್ರೆಯಲ್ಲಿ ದೊಡ್ಡ ಸ್ಥಾನ. 1176ರಲ್ಲಿ ರೀಸ್ ಎಂಬ ಅರಸ ಇಲ್ಲಿನ ಕೋಟೆಯಲ್ಲಿ ಕವಿಗಳನ್ನೂ ಸಂಗೀತಗಾರರನ್ನೂ ಸೇರಿಸಿ ಸ್ಪರ್ಧೆ ನಡೆಸಿದ. ಗೆದ್ದ ಕವಿಗೊಂದು ಕುರ್ಚಿ, ಗೆದ್ದ ಸಂಗೀತಗಾರನಿಗೊಂದು ಕುರ್ಚಿ. ಇಂದಿಗೂ ಪ್ರತಿ ವರ್ಷ ಆಗಸ್ಟಿನಲ್ಲಿ ನಡೆಯುವ 'ಐಸ್ತೆದ್‌ವೊದ್' ಎಂಬ ವೆಲ್ಷ್ ಸಾಹಿತ್ಯ ಸಂಗೀತ ಮಹೋತ್ಸವದ ಮೂಲವನ್ನು ಅಲ್ಲಿಯವರು ಈ ಸಭೆಯಲ್ಲೇ ಗುರುತಿಸುತ್ತಾರೆ.

ಆ ಸಭೆ ನಡೆದು 806 ವರ್ಷಗಳ ಮೇಲೆ, 1982ರಲ್ಲಿ, ಅದೇ ಊರಿನ ಇಬ್ಬರು ಶಾಲಾ ಹುಡುಗರು ಒಂದು ತಂಡ ಕಟ್ಟಿದರು. ಒಬ್ಬ ಡೇವಿಡ್ ಆರ್. ಎಡ್ವರ್ಡ್ಸ್, 1964ರಲ್ಲಿ ಹುಟ್ಟಿದವನು. ಪದ ಕಟ್ಟುವುದು, ಹಾಡುವುದು ಅವನ ಪಾಲು. ಇನ್ನೊಬ್ಬ ಟಿ. ವಿನ್ ಡೇವಿಸ್, ವಾದ್ಯ ಅವನದು. ತಂಡಕ್ಕೆ 'ದತ್‌ಬ್ಲಗಿ' ಎಂದು ಹೆಸರಿಟ್ಟರು. ಬೆಳೆಯುವುದು, ಅಭಿವೃದ್ಧಿ ಹೊಂದುವುದು ಎಂದು ಅದರ ಅರ್ಥ. ಯಾವ ಕುರ್ಚಿಯೂ ಅವರಿಗಾಗಿ ಕಾದಿರಲಿಲ್ಲ.

ಅವರ ಬಂಡವಾಳ ಸ್ವಲ್ಪವೇ. ಅಗ್ಗದ ವಾದ್ಯ, ಮನೆಯಲ್ಲೇ ಧ್ವನಿಮುದ್ರಣ. ತಟ್ಟೆ ಅಚ್ಚುಹಾಕಲು ನೂರಾರು ಪೌಂಡ್ ಬೇಕು. ಕ್ಯಾಸೆಟ್ಟಿಗೆ ಅಷ್ಟು ಬೇಡ. ಒಂದು ಮೂಲ ಕ್ಯಾಸೆಟ್ಟಿನಿಂದ ಕೇಳಿದವರಿಗೆ ಬೇಕಾದಷ್ಟೇ ಪ್ರತಿ ತೆಗೆಯಬಹುದು. ಹತ್ತು ಜನ ಕೇಳಿದರೆ ಹತ್ತು. ಉಳಿದು ಗೋದಾಮಿನಲ್ಲಿ ಕೊಳೆಯುವ ಭಯವಿಲ್ಲ. ನಮ್ಮ ಕಡೆಯಲ್ಲೂ ತಾಳಮದ್ದಳೆ, ಯಕ್ಷಗಾನಗಳು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಮನೆಮನೆ ತಲುಪಿದ್ದನ್ನು ಕಂಡವರಿಗೆ ಈ ವಿದ್ಯೆ ಹೊಸತಲ್ಲ. ದತ್‌ಬ್ಲಗಿ ಮೊದಲ ಕೆಲವು ವರ್ಷ ಇಂಥ ಕ್ಯಾಸೆಟ್ಟುಗಳನ್ನೇ ಹೊರತಂದಿತು.

ಅವುಗಳಲ್ಲಿ ಏನಿತ್ತು? ಇಂಪಾದ ರಾಗವೇನೂ ಇರಲಿಲ್ಲ. ಎಡ್ವರ್ಡ್ಸ್ ಅನೇಕ ಕಡೆ ಹಾಡುವುದಕ್ಕಿಂತ ಹೆಚ್ಚಾಗಿ ಮಾತೇ ಆಡುತ್ತಾನೆ. ಹಿಂದೆ ಯಂತ್ರದ ತಾಳ, ಕರ್ಕಶ ಸ್ವರ. ಮ್ಯಾಂಚೆಸ್ಟರಿನ 'ದ ಫಾಲ್' ಎಂಬ ತಂಡದ ದಾರಿ ಅದು ಎಂದು ಬಲ್ಲವರು ಹೇಳುತ್ತಾರೆ. ಅವನ ವಸ್ತು ತನ್ನ ಸುತ್ತಲಿನ ಬದುಕು: ನಿರುದ್ಯೋಗ, ಬೇಸರ, ಕುಡಿತ, ಪ್ರೀತಿ, ಚರ್ಚಿನ ಕಪಟ, ಎಲ್ಲಕ್ಕಿಂತ ಹೆಚ್ಚಾಗಿ ತನ್ನದೇ ಭಾಷೆಯ ದೊಡ್ಡ ಮನುಷ್ಯರ ಆತ್ಮತೃಪ್ತಿ. ಭಾಷೆಯ ಹೆಸರಿನಲ್ಲಿ ಒಳ್ಳೆಯ ಹುದ್ದೆ, ಒಳ್ಳೆಯ ಸಂಬಳ ಪಡೆದು, ಭಾಷೆ ಆಡುವ ಬಡವನನ್ನು ಮರೆತವರನ್ನು ಅವನು ಬಿಡಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅವನು ಬೈಯುತ್ತಿದ್ದುದು ವೆಲ್ಷ್ ಸಮಾಜವನ್ನು. ಇಂಗ್ಲಿಷಿನಲ್ಲಿ ಬೈದಿದ್ದರೆ ಕೇಳುವವರು ಹೆಚ್ಚಿದ್ದರು, ಹಣವೂ ಹೆಚ್ಚು ಬರುತ್ತಿತ್ತು. ಆದರೆ ಅವನು ಬೈದದ್ದು ವೆಲ್ಷಿನಲ್ಲಿ. ಹೊರಗಿನವರ ಮುಂದೆ ಮನೆಯ ಮಾನ ಕಳೆಯುವ ಕೆಲಸ ಅದಲ್ಲ. ಜಗಲಿಯಲ್ಲಿ ಕುಳಿತ ಹಿರಿಯರಿಗೇ ಕೇಳಿಸುವಂತೆ, ಮನೆಯ ಒಳಗಿನಿಂದಲೇ ಆಡಿದ ಮಾತು. ಜಗಳಕ್ಕೂ ಈ ಭಾಷೆ ಸಾಕು, ಸಿಟ್ಟಿಗೂ ಈ ಭಾಷೆ ಸಾಕು ಎಂದು ಅವನು ತೋರಿಸಿದ. ಅಂಥ ಮಾತು ಆಡಲಾಗದ ಭಾಷೆಯನ್ನು ಹದಿನಾರರ ಹುಡುಗ ತನ್ನದೆಂದು ಹೇಗೆ ತಿಳಿದಾನು?

ಅವನು ಒಂಟಿಯಾಗಿರಲಿಲ್ಲ. ಉತ್ತರ ವೇಲ್ಸಿನಲ್ಲಿ ರೀಸ್ ಮುಯಿನ್ ಎಂಬ ಯುವಕ 'ಅವ್ಯವಸ್ಥೆ' ಎಂಬರ್ಥದ 'ಆನ್‌ಹ್ರೆವ್ನ್' ಎಂಬ ಪಂಕ್ ತಂಡ ಕಟ್ಟಿ, ಅದೇ ಹೆಸರಿನಲ್ಲಿ ಧ್ವನಿಮುದ್ರಣವನ್ನೂ ಶುರುಮಾಡಿದ್ದ. 1985ರಲ್ಲಿ ಇಂಥ ಹಲವು ತಂಡಗಳ ಹಾಡು ಸೇರಿಸಿ ಒಂದು ತಟ್ಟೆ ಹೊರತಂದ. ಅದರ ಹೆಸರಿಗೆ 'ಕತ್ತಲೆಯಿಂದ ಒಂದು ಹೆಜ್ಜೆ' ಎಂದು ಅರ್ಥ. ದತ್‌ಬ್ಲಗಿ ಅದರಲ್ಲಿತ್ತು. ಆ ದಶಕದ ನಡುವೆ ಪೆಟ್ರಿಷಿಯಾ ಮಾರ್ಗನ್ ಎಂಬವರು ತಂಡಕ್ಕೆ ಸೇರಿದರು. ಹಲವು ವಾದ್ಯ ಬಲ್ಲ ಅವರು ಕೊನೆಯವರೆಗೂ ಎಡ್ವರ್ಡ್ಸ್ ಅವರ ಜತೆಗಾರ್ತಿಯಾಗಿ ಉಳಿದರು.

ಮತ್ತೆ ರೇಡಿಯೋದ ಮಾತು ಬರುತ್ತದೆ. ಲಂಡನ್ನಿನ ಬಿ.ಬಿ.ಸಿ. ರೇಡಿಯೋ ಒಂದರಲ್ಲಿ ಜಾನ್ ಪೀಲ್ ಎಂಬ ನಿರೂಪಕರು 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ರಾತ್ರಿ ಹೊತ್ತಿನಲ್ಲಿ ಯಾರೂ ಹಾಕದ ಹಾಡುಗಳನ್ನು ಹಾಕುತ್ತಿದ್ದರು. ವೆಲ್ಷ್ ತಟ್ಟೆಗಳನ್ನೂ ಅವರು ಹಾಕಿದರು. 1987ರಿಂದ ಮೊದಲ್ಗೊಂಡು ಹಲವು ಬಾರಿ ದತ್‌ಬ್ಲಗಿಯನ್ನು ಬಿ.ಬಿ.ಸಿ.ಯ ಧ್ವನಿಮುದ್ರಣಕ್ಕೆ ಕರೆಸಿಕೊಂಡರು. ಇಂಗ್ಲೆಂಡಿನ ಕೇಳುಗರಿಗೆ ಒಂದು ಪದವೂ ಅರ್ಥವಾಗದ ಹಾಡು ಬ್ರಿಟನ್ನಿನಾದ್ಯಂತ ಕೇಳಿಸಿತು. ಭಾಷೆ ಬದಲಿಸಿದರೆ ಮಾತ್ರ ಹೊರಗೆ ಹೋಗಬಹುದು ಎಂದು ತಿಳಿದಿದ್ದ ವೆಲ್ಷ್ ಹುಡುಗರಿಗೆ ಇದರಿಂದ ಬಂದ ಧೈರ್ಯ ಸಣ್ಣದಲ್ಲ.

1988ರಲ್ಲಿ ತಂಡದ ಮೊದಲ ದೊಡ್ಡ ತಟ್ಟೆ 'ಮೊಟ್ಟೆಗಳು' ಬಂತು. 1990ರಲ್ಲಿ 'ಕಂಬಗಳು', 1993ರಲ್ಲಿ 'ಲಿಬರ್ಟೀನೊ'. ಈ ಕೊನೆಯದರಲ್ಲಿ ಒಂದು ಪ್ರಸಿದ್ಧ ಹಾಡಿದೆ. ವೇಲ್ಸಿನ ಟೆಲಿವಿಷನ್ನಿನಲ್ಲಿ ವರ್ಷವರ್ಷ ನಡೆಯುವ ಹಾಡಿನ ಸ್ಪರ್ಧೆಯ ಹೆಸರಿಗೆ 'ವೇಲ್ಸ್ ನಾಡಿಗೊಂದು ಹಾಡು' ಎಂದರ್ಥ. ವೆಲ್ಷಿನಲ್ಲಿ ನಾಡಿನ ಹೆಸರು, ನಾಡವರ ಹೆಸರು ಎರಡೂ 'ಕಮ್ರಿ' ಎಂದೇ ಕೇಳಿಸುತ್ತವೆ. ಬರೆಯುವಾಗ ಕೊನೆಯ ಒಂದು ಅಕ್ಷರ ಬೇರೆ. ಎಡ್ವರ್ಡ್ಸ್ ಆ ಅಕ್ಷರ ಬದಲಿಸಿ ತಮ್ಮ ಹಾಡಿಗೆ 'ವೇಲ್ಸ್ ಜನರಿಗೊಂದು ಹಾಡು' ಎಂಬ ಹೆಸರಿಟ್ಟರು. ಹಾಡಿನಲ್ಲಿ ಸುಖವಾಗಿ ಕುಳಿತ ವೆಲ್ಷ್ ಮಧ್ಯಮ ವರ್ಗಕ್ಕೆ ಕನ್ನಡಿ ಹಿಡಿದರು. ನಾಡನ್ನು ಹೊಗಳಿ ಬಹುಮಾನ ಪಡೆಯುವುದು ಒಂದು ದಾರಿ. ಅಲ್ಲಿ ಬದುಕುವವರನ್ನು ಮಾತಾಡಿಸುವುದು ಇನ್ನೊಂದು.

ಇದರಿಂದ ಅವರಿಗೆ ಹಣವಾಯಿತೇ? ಇಲ್ಲ. ಕೆಲಕಾಲ ಅವರು ಶಾಲೆಯಲ್ಲಿ ಮಾಸ್ತರಿಕೆ ಮಾಡಿದರು. ಕುಡಿತವೂ ಮನಸ್ಸಿನ ಅನಾರೋಗ್ಯವೂ ಅವರನ್ನು ಹಣ್ಣುಮಾಡಿದವು. 1995ರಲ್ಲಿ ತಂಡ ನಿಂತುಹೋಯಿತು. ಈ ಕಷ್ಟವನ್ನೆಲ್ಲ ಅವರು 2009ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 2008ರಲ್ಲಿ ಮತ್ತೆ ಒಂದು ಹಾಡು ಹೊರಬಂತು; ಆಮೇಲೆ ಮಾರ್ಗನ್ ಅವರ ಜೊತೆ ಇನ್ನೂ ಕೆಲವು ಮುದ್ರಿಕೆಗಳು, ಕೊನೆಯದು 2020ರಲ್ಲಿ. 2021ರ ಜೂನ್ ತಿಂಗಳಲ್ಲಿ, 56ನೆಯ ವಯಸ್ಸಿನಲ್ಲಿ, ಡೇವಿಡ್ ಎಡ್ವರ್ಡ್ಸ್ ತೀರಿಕೊಂಡರು. ಲಾಭನಷ್ಟದ ಪಟ್ಟಿ ಮಾಡಿದರೆ ಅವರ ಖಾತೆಯಲ್ಲಿ ಉಳಿದದ್ದು ಕಡಿಮೆ.

ಆದರೆ ಭಾಷೆಯ ಖಾತೆಗೆ ಜಮೆಯಾದದ್ದನ್ನು ನೋಡಿ. 1988ರಲ್ಲಿ ಅಬೆರಿಸ್ಟ್‌ವಿತ್‌ನ ವಿದ್ಯಾರ್ಥಿಗಳು 'ಆಂಕ್‌ಸ್ಟ್' ಎಂಬ ಧ್ವನಿಮುದ್ರಣ ಸಂಸ್ಥೆ ಆರಂಭಿಸಿದರು. 'ಲಿಬರ್ಟೀನೊ' ಹೊರತಂದದ್ದು ಅವರೇ. ಕಾರ್ಮಾರ್ಥೆನ್ ಊರಿನ ಶಾಲಾ ಮಕ್ಕಳ 'ಗೋರ್ಕೀಸ್' ತಂಡವನ್ನು ಜನರ ಮುಂದೆ ತಂದದ್ದೂ ಅವರೇ. 'ಸೂಪರ್ ಫರ್ರಿ ಅನಿಮಲ್ಸ್' ಎಂಬ ತಂಡ ಬ್ರಿಟನ್ನಿನಾದ್ಯಂತ ಹೆಸರು ಮಾಡಿದ ಮೇಲೆ, 2000ದಲ್ಲಿ, ಪೂರ್ತಿ ವೆಲ್ಷ್ ಹಾಡುಗಳ 'ಮುಂಗ್' ಎಂಬ ಮುದ್ರಿಕೆ ಹೊರತಂದಿತು. ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೇರಿತು. ಲಂಡನ್ನಿನ ಸಂಸತ್ತಿನಲ್ಲೂ ಅದರ ಪ್ರಸ್ತಾಪವಾಯಿತು. ಆ ಮುದ್ರಿಕೆಯಲ್ಲಿ ಒಂದು ಹಾಡು ದತ್‌ಬ್ಲಗಿಯದು. ಕಾರ್ಡಿಗನ್ನಿನ ಹುಡುಗ ಕಟ್ಟಿದ ಪದ ಹೀಗೆ ಲಕ್ಷಾಂತರ ಕಿವಿಗಳಿಗೆ ತಲುಪಿತು.

ಹಾಡಿನಿಂದಲೇ ಭಾಷೆ ಉಳಿಯಿತು ಎಂದು ನಾನು ಹೇಳಲಾರೆ. ವೆಲ್ಷ್ ಬಲ್ಲವರು 2001ರಲ್ಲಿ ನೂರಕ್ಕೆ 21ರ ಹತ್ತಿರಕ್ಕೆ ಏರಿದರೂ 2021ರಲ್ಲಿ 17.8ಕ್ಕೆ ಇಳಿದರು. ಅಲ್ಲಿಯ ಸರ್ಕಾರ 2050ಕ್ಕೆ ಹತ್ತು ಲಕ್ಷ ಜನ ವೆಲ್ಷ್ ಆಡುವಂತಾಗಬೇಕೆಂದು ಗುರಿ ಇಟ್ಟಿದೆ, ದಾರಿ ಸುಲಭದ್ದಲ್ಲ. ಹಿರಿಯರ ಹೋರಾಟ ವ್ಯರ್ಥವೆಂದೂ ಹೇಳಲಾರೆ. ಬೀಸ್ಲಿ ದಂಪತಿಗಳ ಹಟವಿಲ್ಲದೆ, ಎವಾನ್ಸರ ಉಪವಾಸದ ಮಾತಿಲ್ಲದೆ ವೆಲ್ಷ್ ರೇಡಿಯೋ, ಟೆಲಿವಿಷನ್‌ಗಳಿಗೆ ಬಲವಿರುತ್ತಿರಲಿಲ್ಲ. ಅವಿಲ್ಲದಿದ್ದರೆ ಆ ಹುಡುಗರನ್ನು ತಮ್ಮದೇ ನಾಡಿನವರು ಕೇಳುವುದು ಎಲ್ಲಿ? ದವಿದ್ ಇವಾನರು 1983ರಲ್ಲಿ ಕಟ್ಟಿದ 'ಇನ್ನೂ ಇಲ್ಲಿದ್ದೇವೆ' ಎಂಬರ್ಥದ ಹಾಡನ್ನೇ 2022ರ ವಿಶ್ವಕಪ್ ಫುಟ್‌ಬಾಲಿನಲ್ಲಿ ವೇಲ್ಸ್ ತಂಡ ತನ್ನ ಗೀತೆಯಾಗಿ ಮಾಡಿಕೊಂಡಿತು. ಹಾಡಿ ಹೊಗಳಿದವರೂ ಬೇಕಾಯಿತು, ಹಾಡಿ ಬೈದವರೂ ಬೇಕಾಯಿತು.

ಶ್ರೋತೃಗಳೇ, ನಾವು ಗಡಿನಾಡಿನವರು ಮೊದಲನೆಯ ಕೆಲಸವನ್ನು ಚೆನ್ನಾಗಿ ಬಲ್ಲೆವು. ಶಾಲೆಗಾಗಿ, ಕನ್ನಡ ಬಲ್ಲ ಮಾಸ್ತರರಿಗಾಗಿ, ಕನ್ನಡದ ಅರ್ಜಿ ನಮೂನೆಗಾಗಿ ಹೋರಾಡಿದ್ದೇವೆ, ಇನ್ನೂ ಹೋರಾಡಬೇಕು. ಎರಡನೆಯ ಕೆಲಸದಲ್ಲಿ ನಮ್ಮ ಕೈ ಬಿಗಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಮಕ್ಕಳಿಂದ ಭಾವಗೀತೆ ಹಾಡಿಸುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಅದೇ ಮಗು ಮನೆಗೆ ಬಂದು ತನ್ನದೇ ಪದ ಕಟ್ಟಿದರೆ ಮೊದಲು ನಮ್ಮ ಕಣ್ಣಿಗೆ ಬೀಳುವುದು ಅದರಲ್ಲಿ ಬೆರೆತ ಮಲಯಾಳ, ತಮಿಳು, ಮರಾಠಿ, ತೆಲುಗು ಪದ. ಅಲ್ಪಪ್ರಾಣ ಮಹಾಪ್ರಾಣದ ತಪ್ಪು. ದೊಡ್ಡವರಿಗೆ ತೋರದ ಮರ್ಯಾದೆ. 'ಇದೆಂಥ ಕನ್ನಡ?' ಎನ್ನುತ್ತೇವೆ. ಮಾರನೆಯ ದಿನದಿಂದ ಅದು ತನ್ನ ಸಿಟ್ಟನ್ನೂ ಪ್ರೀತಿಯನ್ನೂ ಬೇರೆ ಭಾಷೆಗೆ ಒಯ್ಯುತ್ತದೆ. ನಮಗೆ ಉಳಿಯುವುದು ವಾರ್ಷಿಕೋತ್ಸವದ ಕನ್ನಡ.

ಈಗ ಕ್ಯಾಸೆಟ್ಟೂ ಬೇಡ, ಕೈಗಡವೂ ಬೇಡ. ಕಿಸೆಯಲ್ಲಿರುವ ಫೋನಿನಲ್ಲೇ ಮಗು ಹಾಡು ಮುದ್ರಿಸಿ ಊರಿಗೆಲ್ಲ ಹಂಚಬಲ್ಲದು. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಒಬ್ಬ ಹುಡುಗ, ಒಬ್ಬಳು ಹುಡುಗಿ ಗದ್ದಲದ ತಾಳಕ್ಕೆ ಗಡಿಯ ಕನ್ನಡದಲ್ಲಿ ಏನೋ ಕಟ್ಟಿ ಹಾಡುತ್ತಿದ್ದರೆ, ಅದು ನಮ್ಮನ್ನೇ ಆಡಿಕೊಳ್ಳುವ ಹಾಡಾಗಿದ್ದರೂ, ಕೊನೆಯವರೆಗೆ ಒಮ್ಮೆ ಕೇಳಿ. ತಿದ್ದುವುದನ್ನು ನಾಳೆಗೆ ಇಟ್ಟುಕೊಳ್ಳಿ.